ಇಲ್ಲಿ ಓದೋರು ಯಾವ ಊರೋರ್ರಿ?

ಕಲಬುರಗಿಯಲ್ಲಿ ಪದವಿ ಕಾಲೇಜುಗಳ ಅಧ್ಯಾಪಕರು, ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.

ಎಲ್ಲರಿಗೂ ಶರಣು.

ಕೆಲವು ವರ್ಷಗಳ ಹಿಂದೆ ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಹತ್ತನೇ ತರಗತಿ ಮಕ್ಕಳನ್ನು ಒಂದು ವಿಶ್ವವಿದ್ಯಾಲಯದ ಆವರಣ ತೋರಿಸಲು ಕರೆತಂದಿದ್ದೆವು. ಬಸ್ಸು ಗೊತ್ತು ಮಾಡಿದ್ದು, ಊಟಕ್ಕೆ ಹೇಳಿದ್ದು, ಭಾಷಣಕ್ಕೆ ಅತಿಥಿಗಳನ್ನು ಒಪ್ಪಿಸಿದ್ದು ಎಲ್ಲ ನಾನೇ. ಗ್ರಂಥಾಲಯದ ಮೆಟ್ಟಿಲ ಹತ್ತಿರ ಬಂದಾಗ ಎಲ್ಲರಿಗಿಂತ ಮುಂದಿದ್ದ ಹುಡುಗಿ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಹಿಂದಿದ್ದವರೂ ಬಿಟ್ಟರು. ನಾಲ್ವತ್ತು ಜೊತೆ ಚಪ್ಪಲಿ ಮೆಟ್ಟಿಲ ಪಕ್ಕ ಸಾಲಾಗಿ ಕೂತವು. ಬಹುಪಾಲು ಹವಾಯಿ ಚಪ್ಪಲಿ, ಒಂದರ ಪಟ್ಟಿ ಕಿತ್ತುಹೋಗಿ ಅಲ್ಲಿಗೆ ಪಿನ್ನು ಚುಚ್ಚಿದ್ದರು. ಬಾಗಿಲಲ್ಲಿದ್ದ ಅಟೆಂಡರ್ ಬಂದು, “ಹಾಕ್ಕೊಂಡೇ ಬರ್ರಿ, ಇದೇನು ಗುಡಿ ಅಲ್ಲ” ಎಂದರು. ಮಕ್ಕಳು ಹಾಕಿಕೊಳ್ಳಲಿಲ್ಲ. ಬರಿಗಾಲಲ್ಲೇ ಒಳಗೆ ಹೋಗಿ, ಪುಸ್ತಕದ ಕಪಾಟುಗಳ ನಡುವೆ ಗೋಡೆಗೆ ಅಂಟಿಕೊಂಡಂತೆ ನಡೆದರು.

ಹೊರಗೆ ಬಂದ ಮೇಲೆ ಅದೇ ಹುಡುಗಿ ನನ್ನ ಹತ್ತಿರ ಬಂದು ಕೇಳಿದಳು: “ಸರ, ಇಲ್ಲಿ ಓದೋರು ಯಾವ ಊರೋರ್ರಿ?”

ನಾನು ಹೇಳಿದೆ: “ಎಲ್ಲಾ ಕಡೆಯಿಂದ ಬರ್ತಾರವ್ವ. ಬೀದರದಿಂದ ಬರ್ತಾರ, ರಾಯಚೂರಿಂದ ಬರ್ತಾರ, ಬೇರೆ ರಾಜ್ಯದೋರೂ ಅದಾರ.” ಅವಳು “ಹೂಂ ರೀ” ಎಂದು ತಲೆಯಾಡಿಸಿ ಸುಮ್ಮನಾದಳು. ನನಗೆ ಒಳ್ಳೆಯ ಉತ್ತರ ಕೊಟ್ಟೆನೆಂಬ ಸಮಾಧಾನ. ಅವಳು ಕೇಳಿದ್ದು ಬೇರೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಮ್ಮೂರಿನವರು, ನಮ್ಮ ಬಾಜೂ ಊರಿನವರು ಯಾರಾದರೂ ಇಲ್ಲಿ ಇದ್ದಾರೆಯೇ ಎಂದು ಅವಳು ಕೇಳುತ್ತಿದ್ದಳು. ಒಬ್ಬರ ಹೆಸರನ್ನಾದರೂ ಹೇಳಿ ಎನ್ನುತ್ತಿದ್ದಳು.

ಆ ದಿನ ಮುಂದೆ ನಡೆದದ್ದು ನಿಮಗೆಲ್ಲ ಗೊತ್ತಿರುವಂಥದ್ದೇ. ಸಭಾಂಗಣದಲ್ಲಿ ಕೂರಿಸಿದೆವು. ದೊಡ್ಡ ಕನಸು ಕಾಣಿರಿ ಎಂದು ಮೂರು ಜನ ಹೇಳಿದರು. ಊಟ ಹಾಕಿದೆವು, ಗುಂಪು ಫೋಟೊ ತೆಗೆಸಿದೆವು, ಪತ್ರಿಕೆಯಲ್ಲಿ ಬಂತು, ವಾರ್ಷಿಕ ವರದಿಯಲ್ಲಿ ಒಂದು ಸಾಲಾಯಿತು. ಎರಡು ವರ್ಷದ ಮೇಲೆ ನಾನು ಆ ಶಾಲೆಗೆ ಮತ್ತೆ ಹೋದೆ. ಫೋಟೊದಲ್ಲಿದ್ದ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಮುಖ್ಯೋಪಾಧ್ಯಾಯರ ಪಕ್ಕ ಕೂತು ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಕೇಳಿದೆ. ಪಿಯುಸಿ ಎರಡನೇ ವರ್ಷದ ತನಕ ಬಂದವರು ಅರ್ಧಕ್ಕಿಂತ ಕಡಿಮೆ. ಕೆಲವರು ಐಟಿಐ. ಉಳಿದವರು ಬೆಂಗಳೂರು, ಪುಣೆ, ಮದುವೆ. ಪದವಿಗೆ ಅರ್ಜಿ ಹಾಕುವ ಯೋಚನೆಯಲ್ಲಿ ಇದ್ದವರು ಇಬ್ಬರು, ಆ ಇಬ್ಬರ ಅಪ್ಪಂದಿರೂ ಶಾಲಾ ಮಾಸ್ತರರು.

ಕನಸಿಗೆ ಅಲ್ಲಿ ಬರ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಾರ್ಯಕ್ರಮಗಳೆಲ್ಲ ಈ ಮಕ್ಕಳಿಗೆ ಆಸೆಯೇ ಇಲ್ಲ, ನಾವು ಹೋಗಿ ಹುಟ್ಟಿಸಬೇಕು ಎಂಬ ನಂಬಿಕೆಯ ಮೇಲೆ ನಿಂತಿವೆ. ಎಂಟನೇ ತರಗತಿಯ ಯಾವ ಮಗುವನ್ನು ಬೇಕಾದರೂ ಕೇಳಿ. ಡಾಕ್ಟರ್, ಪೊಲೀಸ್, ಟೀಚರ್, ಡಿಸಿ ಎನ್ನುತ್ತದೆ. ಆ ಮಗುವಿಗೂ ಆ ಕೆಲಸಕ್ಕೂ ನಡುವೆ ಇರುವ ಹತ್ತು ವರ್ಷದ ದಾರಿಯಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ಯಾವ ಕಾಗದ ತೋರಿಸಬೇಕು, ರಾತ್ರಿ ಎಲ್ಲಿ ಮಲಗಬೇಕು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪೇಟೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ದಾರಿಯನ್ನು ಯಾರೂ ಕೂಡಿಸಿಕೊಂಡು ಹೇಳಿಕೊಡುವುದಿಲ್ಲ. ಊಟದ ಹೊತ್ತಿನ ಮಾತಿನಲ್ಲೇ ಅದು ಕಿವಿಗೆ ಬಿದ್ದಿರುತ್ತದೆ.

ಆ ಹುಡುಗಿಯ ಮನೆಗೆ ಹೋದೆ. ನವೆಂಬರ್ ತಿಂಗಳು, ಹತ್ತಿ ಬಿಡಿಸುವ ಕಾಲ. ಹಗಲು ಹೋದರೆ ಆಯಿ, ಅಂದರೆ ಅಜ್ಜಿ, ಒಬ್ಬಳೇ ಇದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹೋದೆ. ತಾಯಿ, ಮಗಳು ಇಬ್ಬರೂ ಹೊಲದಿಂದ ಬಂದಿದ್ದರು. ಮಗಳ ಬೆರಳ ತುದಿಗಳೆಲ್ಲ ಹತ್ತಿಕಾಯಿಯ ಚೂಪು ತಾಗಿ ಗೀರಿದ್ದವು. ಹತ್ತಿ ಬಿಡಿಸಿದ್ದಕ್ಕೆ ತೂಕದ ಮೇಲೆ ಕೂಲಿ, ಎರಡು ಕೈ ಹೆಚ್ಚಾದರೆ ಅಷ್ಟು ಕಿಲೋ ಹೆಚ್ಚು. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ. ನಾನು ಅಭ್ಯಾಸಬಲದಿಂದ ಹೆಣ್ಣುಮಕ್ಕಳ ಓದಿನ ಮಹತ್ವ ಹೇಳಲು ಶುರು ಮಾಡಿದೆ. ತಾಯಿ ಸ್ವಲ್ಪ ಹೊತ್ತು ಕೇಳಿ ಅಂದಳು: “ಓದಸ್ಬ್ಯಾಡ ಅಂತ ನಾ ಎಲ್ಲಿ ಅಂದೀನ್ರಿ ಸರ? ಮುಂದ ಏನದ ಅಂತ ಗೊತ್ತಿಲ್ದೆ ಹ್ಯಾಂಗ ಕಳಸ್ಲಿ? ಅಲ್ಲಿ ಯಾರರೆ ನಮ್ಮೋರು ಅದಾರೇನು?”

ಮಗಳು ಮೆಟ್ಟಿಲ ಬಳಿ ಕೇಳಿದ ಮಾತನ್ನೇ ತಾಯಿ ಹೊಸ್ತಿಲ ಬಳಿ ಕೇಳಿದಳು. ಆವತ್ತು ನನಗೆ ಅರ್ಥವಾಯಿತು.

ಅಂಕಿಗಳನ್ನು ಒಮ್ಮೆ ನೋಡೋಣ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯ ಪ್ರಕಾರ 18ರಿಂದ 23 ವಯಸ್ಸಿನವರ ಲೆಕ್ಕದಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ ನೂರಕ್ಕೆ 28.4, ಕರ್ನಾಟಕದಲ್ಲಿ 36.2. ದೇಶಕ್ಕಿಂತ ನಾವು ಮುಂದಿದ್ದೇವೆ, ಸಂತೋಷ. ದೇಶದ ಮಟ್ಟದಲ್ಲೇ ಪರಿಶಿಷ್ಟ ಜಾತಿಗೆ ಅದು 25.9, ಪರಿಶಿಷ್ಟ ಪಂಗಡಕ್ಕೆ 21.2. 2035ರ ಹೊತ್ತಿಗೆ ಇದನ್ನು 50ಕ್ಕೆ ಏರಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಹಾಕಿಕೊಂಡಿದೆ. ಆದರೆ 36.2 ಎಂಬುದು ಬೆಂಗಳೂರನ್ನೂ ಸುರಪುರದ ಹಳ್ಳಿಯನ್ನೂ ಒಂದೇ ಚೀಲಕ್ಕೆ ಹಾಕಿ ತೂಗಿದ ಲೆಕ್ಕ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆ ಪಟ್ಟಿಯಲ್ಲಿರುವ ಊರುಗಳ ಮಕ್ಕಳೇ ಇವತ್ತು ನಿಮ್ಮ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ.

ಇದರ ಬೇರು ಆಳದಲ್ಲಿದೆ. ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಬೋಧನಾ ಭಾಷೆ ಉರ್ದು. ಕನ್ನಡ ಮನೆಯ ಮಗು ಮೊದಲು ಉರ್ದು ದಾಟಬೇಕು, ಆಮೇಲೆ ಹೈದರಾಬಾದಿನ ತನಕದ ದಾರಿ ದಾಟಬೇಕು. ನಮ್ಮ ಮುತ್ಯಾಗಳ ಕಾಲದಲ್ಲಿ ಇಡೀ ಊರಿಗೆ ಒಬ್ಬ ಪದವೀಧರ ಇದ್ದರೆ ಅದೇ ದೊಡ್ಡದು. ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಮೈಸೂರಿನಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ನಡುವಿನ ಅಂತರ 64 ವರ್ಷ, ಎಂದರೆ ಎರಡು ತಲೆಮಾರು. “ನಮ್ಮೋರು ಅಲ್ಲಿ ಅದಾರೇನು” ಎಂದು ಆ ತಾಯಿ ಕೇಳುವುದರ ಹಿಂದೆ ಈ ಎರಡು ತಲೆಮಾರು ಇವೆ.

ವಿಶ್ವವಿದ್ಯಾಲಯ ಊರಿಗೆ ಹೋಗುವುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಧಾರವಾಡದಲ್ಲಿ ಕವಿ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ನಿರ್ದೇಶಕರಾಗಿದ್ದ ದೀರ್ಘ ಕಾಲದಲ್ಲಿ ಊರೂರಿನಲ್ಲಿ ಉಪನ್ಯಾಸ ನಡೆಸಿ ಅವನ್ನೇ ಪುಟ್ಟ ಪುಸ್ತಕಗಳಾಗಿ ಕೈಗೆಟುಕುವ ಬೆಲೆಗೆ ಕೊಟ್ಟರು. ನನ್ನ ಅಪ್ಪನ ಟ್ರಂಕಿನಲ್ಲಿ ಅಂಥ ಏಳೆಂಟು ಪುಸ್ತಕ ಇದ್ದವು, ನಾನು ಅವನ್ನು ಓದಿಕೊಂಡೇ ಬೆಳೆದವನು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ. ಅದು ವಿಶ್ವವಿದ್ಯಾಲಯದ ಅರಿವನ್ನು ಊರಿಗೆ ತಂದಿತು. ಊರಿನ ಮಗುವನ್ನು ವಿಶ್ವವಿದ್ಯಾಲಯಕ್ಕೆ ತಂದದ್ದು ಮಾತ್ರ ಬೇರೆಯೇ ಒಂದು ಕೆಲಸ, ಅನ್ನ ಮತ್ತು ಸೂರು. ತುಮಕೂರಿನ ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದನಿಲಯಗಳು, ಮೈಸೂರು ಸೀಮೆಯಲ್ಲಿ ದಲಿತ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ಕಟ್ಟಿದ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರದ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್‌ಗಳು. ಇಲ್ಲಿ ಕೂತಿರುವ ನಿಮ್ಮಲ್ಲಿ ಹಾಸ್ಟೆಲಿನ ತಟ್ಟೆಯಲ್ಲಿ ಉಂಡು ಓದಿದವರು ಎಷ್ಟು ಜನ ಎಂದು ಕೈ ಎತ್ತಿಸಿದರೆ ಅರ್ಧ ಸಭೆಯಾದರೂ ಕೈ ಎತ್ತುತ್ತದೆ. (ಸಭೆಯಲ್ಲಿ ಕೇಳಿದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು.)

ಈಗ ಅನ್ನಕ್ಕೂ ಸೂರಿಗೂ ಮುಂಚೆ ಒಂದು ಬಾಗಿಲು ಬಂದಿದೆ, ಅದು ಕಾಗದದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಾನು ಕಂಡಂತೆ ಬುದ್ಧಿವಂತ ಮಕ್ಕಳು ಹೆಚ್ಚಾಗಿ ಸೋಲುವುದು ಇಲ್ಲೇ.

ನನಗೆ ಗೊತ್ತಿದ್ದ ಒಬ್ಬ ಹುಡುಗ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು. ಅವನ ಹೆಸರು ಶಾಲೆಯ ದಾಖಲಾತಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಅಡ್ಡಹೆಸರು ಸೇರಿ ಮತ್ತೊಂದು ರೀತಿ. ನಾಲ್ಕನೆಯ ಕ್ಲಾಸಿನಲ್ಲಿ ಯಾರೋ ಒಂದು ಒತ್ತಕ್ಷರ ಬಿಟ್ಟು ಬರೆದದ್ದು ಹಾಗೇ ನಡೆದು ಬಂದಿತ್ತು. ಹಾಸ್ಟೆಲ್ ಅರ್ಜಿ ತಿರಸ್ಕೃತವಾಯಿತು. ತಿದ್ದಿಸಲು ಒಂದು ಕಚೇರಿಗೆ ಹೋದರೆ ಮೊದಲು ಅಲ್ಲಿ ಮಾಡಿಸಿಕೊಂಡು ಬಾ ಎಂದರು, ಅಲ್ಲಿಗೆ ಹೋದರೆ ಇಲ್ಲಿಗೆ ಕಳಿಸಿದರು. ಪ್ರತಿ ಸಲವೂ ಅಪ್ಪನ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಸ್ ಚಾರ್ಜು. ಆರನೇ ಸಲಕ್ಕೆ ಅಪ್ಪ, “ಸಾಕ್ ಬಿಡಪ್ಪ, ನನ್ನ ಸಂಗಡ ನಡಿ” ಎಂದು ಬೆಂಗಳೂರಿಗೆ ಕರೆದುಕೊಂಡು ಹೋದ. ಮರುವರ್ಷ ಕಾಗದ ಸರಿಯಾಯಿತು. ಹುಡುಗ ಮರಳಲಿಲ್ಲ.

ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕಾಗಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರದ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದ ತನಕ ವರ್ಷಕ್ಕೆ 12,000 ರೂಪಾಯಿ. ಒಂದು ಮಗು ಪಿಯುಸಿಗೆ ಬಸ್ಸಿನಲ್ಲಿ ಹೋಗಿ ಬರುವ ಖರ್ಚನ್ನು ಇದೊಂದೇ ಹೊರಬಲ್ಲದು. ಒಳ್ಳೆಯ ಮಾಸ್ತರರಿರುವ ಶಾಲೆಯಲ್ಲಿ ಹತ್ತು ಮಕ್ಕಳು ಆಯ್ಕೆಯಾಗುತ್ತಾರೆ, ಪಕ್ಕದ ಊರಿನ ಶಾಲೆಯಲ್ಲಿ ಅರ್ಜಿಯನ್ನೇ ಹಾಕಿರುವುದಿಲ್ಲ. ನಿಮ್ಮ ಬಿಎಸ್ಸಿ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಕೂತು ಮಾನಸಿಕ ಸಾಮರ್ಥ್ಯದ ಲೆಕ್ಕ ಹೇಳಿಕೊಟ್ಟರೆ ಮೂರು ತಿಂಗಳಲ್ಲಿ ಆಗುವ ಕೆಲಸ ಇದು.

ಇನ್ನು ಮೀಸಲಾತಿಯ ವಿಷಯ. ವೃತ್ತಿಪರ ಕೋರ್ಸುಗಳ ಸಿಇಟಿ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. 2012ರ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಡಿ ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ಸಂಸ್ಥೆಗಳಲ್ಲಿ ಶೇ. 70, ಹೊರಗಿನ ಸಂಸ್ಥೆಗಳಲ್ಲಿ ಶೇ. 8 ಇದೆ. ಇವೆಲ್ಲ ಹೋರಾಡಿ ಪಡೆದ ಹಕ್ಕುಗಳು. ಆದರೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. 371ಜೆ ಅರ್ಹತಾ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಯ ತನಕ ಹೋಗಬೇಕು. ಮಗು ಮೂರನೆಯ ಕ್ಲಾಸನ್ನು ಅಪ್ಪ ದುಡಿಯುತ್ತಿದ್ದ ಊರಿನಲ್ಲಿ ಓದಿದ್ದರೆ ಆ ಶಾಲೆಗೂ ಹೋಗಿ ಬರೆಸಿಕೊಂಡು ಬರಬೇಕು. ಇದು ಗೊತ್ತಾಗುವುದು ಸಿಇಟಿ ಅರ್ಜಿಯ ಹೊತ್ತಿಗೆ, ಗಡುವು ತಲೆಯ ಮೇಲೆ ಬಂದಾಗ. ಒಂಬತ್ತನೇ ತರಗತಿಯಲ್ಲೇ ಗೊತ್ತಾದರೆ ದೀಪಾವಳಿ ರಜೆಯಲ್ಲಿ ನಿಧಾನಕ್ಕೆ ಮಾಡಿಸಿಕೊಳ್ಳಬಹುದು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ಹಣ ಕೊಡುತ್ತಾರೆ. ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಅರ್ಜಿ ಹಾಕಿದ ಮೇಲೂ ಹಣ ಬಾರದೆ ಎಷ್ಟೋ ಮಕ್ಕಳು ವರ್ಷವಿಡೀ ಕಾಯುತ್ತಾರೆ. ಕೇಳಿದರೆ, “ಆಧಾರ್ ಲಿಂಕ್ ಆಗ್ಯಾದ್ರಿ” ಎನ್ನುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಸರ್ಕಾರದ ಹಣ ಆ ಖಾತೆಗೇ ಬೀಳುವಂತೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸುವುದು ಬೇರೆ. ಈ ಒಂದು ವಾಕ್ಯವನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಯಾವ ಭಾಷಣಕ್ಕಿಂತ ಈ ವಾಕ್ಯದಿಂದ ಹೆಚ್ಚು ಮಕ್ಕಳು ಕಾಲೇಜಿನಲ್ಲಿ ಉಳಿದಿದ್ದಾರೆ.

ಒಂದು ಕಹಿ ಮಾತನ್ನೂ ಹೇಳಬೇಕು. ಮೇ ತಿಂಗಳಲ್ಲಿ ಕರಪತ್ರ ಹಿಡಿದು ಪಿಯು ಕಾಲೇಜುಗಳ ಮುಂದೆ ನಿಲ್ಲುವುದನ್ನು ಕೆಲವರು ಇದೇ ಕೆಲಸ ಎಂದುಕೊಂಡಿದ್ದಾರೆ. ಅದು ಸೀಟು ತುಂಬಿಸುವ ಕೆಲಸ. ನಮ್ಮ ಕಾಲೇಜಿಗೆ ಸೇರಿಸಬೇಕು ಎಂಬ ಆಸೆ ಮನಸ್ಸಿನಲ್ಲಿ ಇದ್ದರೆ ಮಗುವಿಗೆ ನಿಜ ಹೇಳಲು ಆಗುವುದಿಲ್ಲ. ಕೈಕೆಲಸದಲ್ಲಿ ಚುರುಕಾದ ಹುಡುಗನಿಗೆ ಡಿಪ್ಲೊಮಾಕ್ಕೆ ಹೋಗಪ್ಪ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು ಎಂದು ಹೇಳಬೇಕಾಗುತ್ತದೆ. ಚೆನ್ನಾಗಿ ಓದುವ ಹುಡುಗಿಗೆ ನಮ್ಮ ಕಾಲೇಜಿಗಿಂತ ಆ ಕಾಲೇಜಿನ ಪ್ರಯೋಗಾಲಯ ಚೆನ್ನಾಗಿದೆ, ಅಲ್ಲಿ ಸೇರವ್ವ ಎನ್ನಬೇಕಾಗುತ್ತದೆ. ಹಾಗೆ ಹೇಳಬಲ್ಲವರನ್ನು ಮಾತ್ರ ಶಾಲೆಗೆ ಕಳಿಸಿ.

ಮತ್ತೆ ಆ ಹುಡುಗಿಯ ಮಾತಿಗೆ ಬರುತ್ತೇನೆ. ಅವಳ ಮನೆಯಿಂದ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಮ್ಮ ವಿದ್ಯಾರ್ಥಿಗಳ ಪಟ್ಟಿ ತೆಗೆದು ಊರಿನ ಪ್ರಕಾರ ಬರೆದುಕೊಂಡಿದ್ದು. ಇಷ್ಟು ವರ್ಷ ಪಾಠ ಮಾಡಿ ಯಾವ ಊರಿಂದ ಯಾರು ಬಂದಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅವಳ ಊರಿಂದ ಆರು ಕಿಲೋಮೀಟರ್ ದೂರದ ಊರಿನ ಹುಡುಗಿಯೊಬ್ಬಳು ಬಿಎ ಮೂರನೇ ವರ್ಷದಲ್ಲಿ ನನ್ನ ಕ್ಲಾಸಿನಲ್ಲೇ ಕೂರುತ್ತಿದ್ದಳು! ಅವಳ ತಾಯಿಯೂ ಹತ್ತಿ ಬಿಡಿಸುವವಳೇ. ಮುಂದಿನ ಸಲ ಶಾಲೆಗೆ ಹೋಗುವಾಗ ಅವಳನ್ನು ಕರೆದುಕೊಂಡು ಹೋದೆ. ನಾನು ಮಾತಾಡಲಿಲ್ಲ. ಅವಳು ಹಾಸ್ಟೆಲಿನ ಮೊದಲ ರಾತ್ರಿ ಅತ್ತದ್ದು ಹೇಳಿದಳು. ಪಿಯುಸಿಯಲ್ಲಿ ಇಂಗ್ಲಿಷ್‌ನಲ್ಲಿ ಫೇಲಾಗಿ ಪೂರಕ ಪರೀಕ್ಷೆ ಬರೆದದ್ದು ಹೇಳಿದಳು. ಬಸ್ ಪಾಸು ಎಲ್ಲಿ ಮಾಡಿಸಬೇಕು, ಯಾವ ಗಾಡಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಗುತ್ತದೆ ಎಂದು ಹೇಳಿದಳು. ಒಂದು ಹುಡುಗಿ ಕೇಳಿತು: “ಅಕ್ಕಾ, ಅಲ್ಲಿ ಊಟಕ್ಕ ರೊಟ್ಟಿ ಕೊಡ್ತಾರಾ?” “ವಾರದಾಗ ಮೂರು ದಿನ ಕೊಡ್ತಾರ. ಉಳದ ದಿನ ಬರೇ ಅನ್ನ. ನಾ ಮನ್ಯಾಗಿಂದ ಕಟಿ ರೊಟ್ಟಿ ಒಯ್ತೀನಿ.” ಇಡೀ ತರಗತಿ ಅವಳ ಸುತ್ತ ಸೇರಿಕೊಂಡಿತು. ನನ್ನನ್ನು ಇಷ್ಟು ವರ್ಷದಲ್ಲಿ ಯಾವ ಮಗುವೂ ರೊಟ್ಟಿಯ ಬಗ್ಗೆ ಕೇಳಿರಲಿಲ್ಲ.

ಆಮೇಲೆ ತಾಯಂದಿರನ್ನು ಕರೆತರಲು ಶುರು ಮಾಡಿದೆವು. ಸಭಾಂಗಣ ಬಿಟ್ಟು ನೇರ ಹಾಸ್ಟೆಲಿಗೇ. ಮೊದಲ ಸಲ ಒಂಬತ್ತು ಜನ ಬಂದರು. ಅದರಲ್ಲಿ ಒಬ್ಬ ತಾಯಿ ಮೇಲ್ವಿಚಾರಕಿ ಹೇಳುತ್ತಿದ್ದುದನ್ನು ಕೇಳುತ್ತಲೇ ಇರಲಿಲ್ಲ. ಕೋಣೆಯ ಬಾಗಿಲು ಹಾಕಿದಳು, ಚಿಲಕ ಸರಿಸಿದಳು, ಒಳಗಿಂದ ಎರಡು ಸಲ ಜಗ್ಗಿ ನೋಡಿದಳು. ಬಚ್ಚಲಮನೆಗೆ ಹೋಗಿ ಅಲ್ಲಿಯೂ ಹಾಗೇ ಮಾಡಿದಳು. ಒಂದು ಬಚ್ಚಲಿನ ಚಿಲಕ ಸಡಿಲವಿತ್ತು. ಮೇಲ್ವಿಚಾರಕಿಯ ಕೈ ಹಿಡಿದು ಕರೆದೊಯ್ದು ತೋರಿಸಿದಳು. “ಅಕ್ಕೋರೆ, ಇದು ಗಟ್ಟಿ ಮಾಡಸ್ರಿ. ಜೂನ್‌ದಾಗ ನನ್ನ ಮಗಳನ್ನ ಕರಕೊಂಡು ಬರ್ತೀನಿ.” ಅದೇ ವಾರ ಬಡಗಿ ಬಂದು ಎಲ್ಲ ಚಿಲಕ ಬದಲಿಸಿದ. ಜೂನ್‌ನಲ್ಲಿ ಅವಳು ಬಂದಳು, ತಗಡಿನ ಟ್ರಂಕು ತಲೆಯ ಮೇಲೆ ಹೊತ್ತುಕೊಂಡು, ಮಗಳ ಜೊತೆ.

ಗ್ರಂಥಾಲಯದ ಮುಂದೆ ನನ್ನನ್ನು ಕೇಳಿದ್ದ ಆ ಮೊದಲ ಹುಡುಗಿ ಮಾತ್ರ ಬರಲಿಲ್ಲ. ನಾವು ತಡವಾಗಿ ಹೋಗಿದ್ದೆವು. ಅಷ್ಟರಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಆ ಉತ್ತರ ಅವಳಿಗೆ ನಾನು ಅವತ್ತೇ ಕೊಡಬಹುದಿತ್ತು, ಬಾಜೂ ಊರಿನ ಹುಡುಗಿ ಅದೇ ಆಗ ಪಿಯುಸಿ ಮುಗಿಸಿ ನಮ್ಮಲ್ಲಿಗೆ ಸೇರಿದ್ದಳು. ಇದು ನನ್ನ ಎದೆಯಲ್ಲಿ ಹಾಗೇ ಇದೆ.

ನಿಮ್ಮಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುವವರು ಬಹಳ ಜನ ಇದ್ದೀರಿ. 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು, ಪ್ರತಿ ವರ್ಷ ಏಳು ದಿನ ಒಂದು ಹಳ್ಳಿಯಲ್ಲಿ ಇರುತ್ತೀರಿ. ಚರಂಡಿ ತೆಗೆಯಿರಿ, ಗಿಡ ನೆಡಿರಿ. ಎರಡು ಸಂಜೆ ಮಾತ್ರ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಇಡಿರಿ. ಒಂದೇ ಶಾಲೆಗೆ ಐದು ವರ್ಷ ಹೋಗಿರಿ, ವರ್ಷಕ್ಕೊಂದು ಹೊಸ ಶಾಲೆ ಬೇಡ. ಎಷ್ಟು ಮಕ್ಕಳಿಗೆ ಕಾರ್ಯಕ್ರಮ ಮಾಡಿದಿರಿ ಎಂದು ಕೇಳುವ ನಮೂನೆಯ ಪಕ್ಕ ನಿಮ್ಮದೇ ಒಂದು ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಮಗುವಿನ ಹೆಸರು, ಕಾಗದದಲ್ಲಿ ಏನು ತಿದ್ದಬೇಕು, ಮನೆಯವರು ಯಾವ ತಿಂಗಳು ಊರಲ್ಲಿರುತ್ತಾರೆ ಎಂದು ಬರೆಯಿರಿ. ನಮ್ಮ ಕಡೆ ಸಂಕ್ರಾಂತಿಗೂ ಊರ ಜಾತ್ರೆಗೂ ದುಡಿಯಲು ಹೋದವರು ಬರುತ್ತಾರೆ. ಅಪ್ಪಂದಿರನ್ನು ಹಿಡಿಯಬೇಕಾದರೆ ಆಗಲೇ ಹೋಗಬೇಕು.

ನಾನೊಂದು ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ಹನ್ನೊಂದು ಶಾಲೆಗಳ ಹೆಸರು ಬರೆದಿದೆ, ಅದರ ಎದುರು ಜಾಗ ಖಾಲಿ ಬಿಟ್ಟಿದ್ದೇನೆ. ಆ ಊರುಗಳ ಹತ್ತಿರದ ಊರಿನ ವಿದ್ಯಾರ್ಥಿಗಳು ನಿಮ್ಮ ಕಾಲೇಜಿನಲ್ಲಿದ್ದರೆ ಅವರ ಹೆಸರು ಬರೆಯಿರಿ. ಈಗ ಹೊಳೆಯದಿದ್ದರೆ ನಾಳೆ ಕ್ಲಾಸಿನಲ್ಲಿ ಕೇಳಿ, ಫೋನ್ ಮಾಡಿ ಹೇಳಿ. ಇದು ಈ ಸಾಲಿನಿಂದ ಶುರುವಾಗಿ ಹಿಂದಿನ ತನಕ ಹೋಗಲಿ. ಪೆನ್ನು ಒಳಗೇ ಇದೆ.